ಪ್ರೈವೇಟ್ ಬಾಡಿಗೆ ಕಟ್ಟೋಕಾಗ್ತಿಲ್ಲ, ಕೌನ್ಸಿಲ್ (ಸ್ಥಳೀಯ ಸರ್ಕಾರದ) ಮನೆ ಸಿಗುತ್ತಾ? ಇಂಗ್ಲೆಂಡಿನಿಂದ ಒಬ್ಬ ತಾಯಿ ಕೇಳಿದ ಪ್ರಶ್ನೆ

ಪ್ರಶ್ನೆ: ಮೇಡಂ, ನಮಸ್ಕಾರ. ನಮ್ಮೂರು ದಾವಣಗೆರೆ. ಮದುವೆಯಾಗಿ ಇಲ್ಲಿಗೆ ಬಂದು 14 ವರ್ಷ ಆಯ್ತು, ಈಗ ಬ್ರಿಟಿಷ್ ಪಾಸ್‌ಪೋರ್ಟ್ ಇದೆ. ಲಂಡನ್ ಹೊರಗೆ ಎಂ4 ರಸ್ತೆ ಪಕ್ಕದ ಊರಲ್ಲಿ ಎರಡು ಬೆಡ್‌ರೂಮಿನ ಫ್ಲಾಟ್, ತಿಂಗಳಿಗೆ 1,350 ಪೌಂಡ್ ಬಾಡಿಗೆ. ಹೋದ ವರ್ಷ ನಮ್ಮ ಮನೆಯವರು ನಮ್ಮನ್ನ ಬಿಟ್ಟು ಬೇರೆ ಹೋದ್ರು. ಮಗನಿಗೆ 9, ಬರೋ ಆಗಸ್ಟಿಗೆ 10 ತುಂಬುತ್ತೆ, ಮಗಳಿಗೆ 6. ನಾನು ಒಂದು ಕೇರ್ ಹೋಮ್ ಅಡುಗೆಮನೆಯಲ್ಲಿ ವಾರಕ್ಕೆ 18 ಗಂಟೆ ಕೆಲ್ಸ ಮಾಡ್ತೀನಿ, ಮಿನಿಮಮ್ ವೇಜ್. ಯೂನಿವರ್ಸಲ್ ಕ್ರೆಡಿಟ್ (ಸರ್ಕಾರದ ತಿಂಗಳ ಸಹಾಯಧನ) ಬರುತ್ತೆ, ಆದ್ರೆ ಅದರಲ್ಲಿ ಮನೆ ಬಾಡಿಗೆಗೆ ಅಂತ 1,100 ಮಾತ್ರ ಹಾಕಿದ್ದಾರೆ. ಈಗ ಲ್ಯಾಂಡ್‌ಲಾರ್ಡ್ ವಾಟ್ಸಾಪಲ್ಲಿ ಮುಂದಿನ ತಿಂಗಳಿಂದ 1,500 ಕೊಡಿ ಇಲ್ಲಾಂದ್ರೆ ಖಾಲಿ ಮಾಡಿ ಅಂತ ಮೆಸೇಜ್ ಹಾಕಿದ್ದಾರೆ. ಒಬ್ಬ ಫ್ರೆಂಡ್ ಹೇಳ್ತಾಳೆ ಕೆಲ್ಸ ಬಿಡು, ಬೆನಿಫಿಟ್ ಪೂರ್ತಿ ಬರುತ್ತೆ ಅಂತ. ಇನ್ನೊಬ್ಬರು ಬಾಡಿಗೆ ನಿಲ್ಲಿಸು, ಹೊರಗೆ ಹಾಕ್ಲಿ, ಆಗ ಕೌನ್ಸಿಲ್ ಮನೆ ಕೊಟ್ಟೇ ಕೊಡುತ್ತೆ ಅಂತಾರೆ. ಅಮ್ಮನಿಗೆ ಫೋನಲ್ಲಿ ಹೇಳಿದ್ರೆ ಸರ್ಕಾರದ ಮನೆಗೆ ಹೋಗ್ತೀಯಾ, ಜನ ಏನಂತಾರೆ ಅಂತ ಅಳ್ತಾರೆ. ರಾತ್ರಿ ನಿದ್ದೆ ಇಲ್ಲ. ಏನ್ ಮಾಡ್ಲಿ?

ಉತ್ತರ: ನಿಮ್ಮ ಮೆಸೇಜ್ ಎರಡು ಸಲ ಓದಿದೆ. ಮೊದಲನೇ ಮಾತು, ಈ ವಾರ ಮೂರು ಕೆಲ್ಸ ಮಾಡ್ಬೇಡಿ. ಕೆಲ್ಸಕ್ಕೆ ರಾಜೀನಾಮೆ ಕೊಡ್ಬೇಡಿ, 1,350 ಕಟ್ಟೋದು ನಿಲ್ಲಿಸಬೇಡಿ, ಮತ್ತೆ 1,500 ಅಂತ ಒಂದೇ ಒಂದು ತಿಂಗಳೂ ಕಟ್ಟಬೇಡಿ. ಮೂರನೇದು ಯಾಕೆ ಅಂತ ಮುಂದೆ ಹೇಳ್ತೀನಿ. ನಾನು ಇಲ್ಲಿ ಬಾಡಿಗೆದಾರರಿಗೆ ಬೆನಿಫಿಟ್ಟು, ಮನೆ ವಿಷಯದಲ್ಲಿ ಸಲಹೆ ಕೊಡೋ ಕೆಲಸದಲ್ಲಿ ತುಂಬಾ ವರ್ಷದಿಂದ ಇದೀನಿ, ಈ ಮೂರರಲ್ಲಿ ಒಂದನ್ನ ಮಾಡ್ಕೊಂಡು ಆಮೇಲೆ ನಮ್ಮ ಹತ್ರ ಬಂದವರನ್ನ ನೋಡಿ ನೋಡಿ ಹೇಳ್ತಿದೀನಿ. ಇದನ್ನ 2026ರ ಫೆಬ್ರವರಿಯಲ್ಲಿ ಬರೀತಿದೀನಿ, ರೇಟುಗಳೆಲ್ಲ 2025-26ರವು, ಮತ್ತೆ ಹೇಳೋದೆಲ್ಲ ಇಂಗ್ಲೆಂಡಿಗೆ ಮಾತ್ರ. ಸ್ಕಾಟ್ಲೆಂಡು, ವೇಲ್ಸಲ್ಲಿ ಮನೆ ಕಾನೂನೇ ಬೇರೆ.

ನಿಮ್ಮ ಬಾಡಿಗೆ 1,350 ಇದ್ರೂ 1,100 ಮಾತ್ರ ಯಾಕೆ ಕೊಡ್ತಾರೆ ಅನ್ನೋದು ಮೊದ್ಲು. ಪ್ರೈವೇಟ್ ಬಾಡಿಗೆಗೆ ಲೋಕಲ್ ಹೌಸಿಂಗ್ ಅಲೋಯನ್ಸ್ ಅಂತ ಒಂದು ಮಿತಿ ಇದೆ, 2008ರಲ್ಲಿ ದೇಶದ ತುಂಬಾ ಬಂತು. ನಿಮ್ಮ ಏರಿಯಾದ ಎರಡು ಬೆಡ್‌ರೂಮಿನ 100 ಬಾಡಿಗೆ ಮನೆಗಳನ್ನ ಕಮ್ಮಿ ಬಾಡಿಗೆಯಿಂದ ಜಾಸ್ತಿ ಬಾಡಿಗೆವರೆಗೆ ಸಾಲಾಗಿ ನಿಲ್ಲಿಸಿದ್ರೆ, ಶುರುವಲ್ಲಿ 50ನೇ ಮನೆ ಬಾಡಿಗೆವರೆಗೂ ಕೊಡ್ತಿದ್ರು. 2011ರಲ್ಲಿ ಅದನ್ನ 30ನೇ ಮನೆಗೆ ಇಳಿಸಿದ್ರು. ಆಮೇಲೆ 2016ರಿಂದ 2020ರವರೆಗೆ ರೇಟನ್ನೇ ಫ್ರೀಜ್ ಮಾಡಿದ್ರು, ಕೋವಿಡ್ ಬಂದಾಗ 2020ರಲ್ಲಿ ಮತ್ತೆ 30ಕ್ಕೆ ತಂದ್ರು, ಮತ್ತೆ ಫ್ರೀಜ್, 2024ರ ಏಪ್ರಿಲಲ್ಲಿ ಮತ್ತೆ ಸರಿ ಮಾಡಿದ್ರು, 2025ರಲ್ಲಿ ಮತ್ತೆ ಫ್ರೀಜ್. ಆ 2024ರ ರೇಟೂ 2023ರ ಸೆಪ್ಟೆಂಬರ್‌ವರೆಗಿನ ಬಾಡಿಗೆ ನೋಡಿ ಹಾಕಿದ್ದು. ಅಂದ್ರೆ ನಿಮಗೆ ಇವತ್ತು ಸಿಗ್ತಿರೋದು ಎರಡು ವರ್ಷಕ್ಕೂ ಹಳೇ ಬಾಡಿಗೆಯ ಲೆಕ್ಕ, ಬಾಡಿಗೆ ಏನು ನಿಂತಿರುತ್ತಾ? ಇಂಗ್ಲೆಂಡಲ್ಲಿ ಸರಾಸರಿ ಪ್ರೈವೇಟ್ ಬಾಡಿಗೆ 2025ರಲ್ಲಿ ತಿಂಗಳಿಗೆ 1,300 ಪೌಂಡಿಗಿಂತ ಮೇಲಿತ್ತು. ನಿಮ್ಮ 250 ಪೌಂಡ್ ಕೊರತೆ ನೀವು ದುಬಾರಿ ಮನೆ ಹಿಡಿದಿದ್ದಕ್ಕೆ ಬಂದಿದ್ದಲ್ಲ. ಇದನ್ನ ನೀವು ತಲೆಗೆ ಹಚ್ಕೊಂಡು ಕೂತಿದೀರಿ ಅಂತ ಮೆಸೇಜ್ ಓದಿದ್ರೇ ಗೊತ್ತಾಗುತ್ತೆ, ಅದಕ್ಕೆ ಹೇಳ್ದೆ.

ಕೌನ್ಸಿಲ್ ಮನೆ ಅಥವಾ ಹೌಸಿಂಗ್ ಅಸೋಸಿಯೇಷನ್ (ಲಾಭಕ್ಕಲ್ಲದೇ ಬಾಡಿಗೆಗೆ ಕೊಡೋ ಸಂಸ್ಥೆ) ಮನೆಗೆ ಈ ಮಿತಿ ಇಲ್ಲ. ಅಲ್ಲಿ ನಿಮಗೆ ಬೇಕಾಗಿದ್ದಕ್ಕಿಂತ ಜಾಸ್ತಿ ಬೆಡ್‌ರೂಮ್ ಇಲ್ದಿದ್ರೆ ಬಾಡಿಗೆ ಎಷ್ಟಿದೆಯೋ ಅಷ್ಟನ್ನೂ ಯೂನಿವರ್ಸಲ್ ಕ್ರೆಡಿಟ್‌ನಲ್ಲಿ ಲೆಕ್ಕಕ್ಕೆ ತಗೋತಾರೆ, ಮೇಲಾಗಿ ಬಾಡಿಗೆಯೇ ಕಮ್ಮಿ, ಇಂಗ್ಲೆಂಡಿನ ಸರಾಸರಿ ವಾರಕ್ಕೆ ನೂರು ಪೌಂಡ್ ಆಸುಪಾಸು. ಹಾಗಾಗಿ ಕೌನ್ಸಿಲ್ ಮನೆ ಬೇಕು ಅನ್ನೋ ನಿಮ್ಮ ಆಸೆ ಸರಿಯಾಗೇ ಇದೆ. ತೊಂದರೆ ಇರೋದು ಮನೆ ಇಲ್ಲದೇ ಇರೋದ್ರಲ್ಲಿ. 1980ರ ಕಾನೂನಲ್ಲಿ ಬಾಡಿಗೆದಾರರಿಗೇ ಕೌನ್ಸಿಲ್ ಮನೆ ಡಿಸ್ಕೌಂಟಲ್ಲಿ ಮಾರೋಕೆ ಶುರು ಮಾಡಿದ್ರು, ಇಂಗ್ಲೆಂಡಲ್ಲಿ ಸುಮಾರು 20 ಲಕ್ಷ ಮನೆ ಹಾಗೆ ಹೋಯ್ತು, ಅಷ್ಟು ವಾಪಸ್ ಕಟ್ಟಲೇ ಇಲ್ಲ. ಆಗ ಮೂರರಲ್ಲಿ ಹತ್ತತ್ರ ಒಂದು ಮನೆ ಸೋಶಿಯಲ್ ಹೌಸಿಂಗ್ (ಈ ಎರಡು ಥರದ ಮನೆ) ಇತ್ತು, ಈಗ ಆರರಲ್ಲಿ ಒಂದು. ಕ್ಯೂನಲ್ಲಿ ಇರೋ ಕುಟುಂಬಗಳು 13 ಲಕ್ಷಕ್ಕೂ ಜಾಸ್ತಿ.

ಈಗ ನಿಮ್ಮ ಫ್ರೆಂಡ್ ಹೇಳಿದ "ಕೆಲ್ಸ ಬಿಡು" ಮಾತಿಗೆ ಬರೋಣ, ಇದು ನನಗೆ ಜಾಸ್ತಿ ಹೆದರಿಕೆ ಆಗೋ ಮಾತು. ಒಂದು ಪೇಪರ್ ತಗೊಂಡು ನನ್ನ ಜೊತೆ ಲೆಕ್ಕ ಹಾಕಿ. ಯೂನಿವರ್ಸಲ್ ಕ್ರೆಡಿಟಲ್ಲಿ ತಿಂಗಳಿಗೆ ನಿಮಗೆ ಅಂತ 400.14 ಪೌಂಡ್, ಮಗನಿಗೆ 339 (2017ರ ಏಪ್ರಿಲ್ 6ಕ್ಕಿಂತ ಮುಂಚೆ ಹುಟ್ಟಿದ ಮೊದಲನೇ ಮಗು ಆಗಿರೋದ್ರಿಂದ ಸ್ವಲ್ಪ ಜಾಸ್ತಿ), ಮಗಳಿಗೆ 292.81, ಬಾಡಿಗೆಗೆ 1,100. ಒಟ್ಟು 2,132 ಹತ್ರ. ಚೈಲ್ಡ್ ಬೆನಿಫಿಟ್ (ಮಕ್ಕಳಿಗೆ ಅಂತ ಬೇರೆಯಾಗಿ ಬರೋ ದುಡ್ಡು) ತಿಂಗಳಿಗೆ 188 ಆಗುತ್ತೆ, ಅದೂ ಸೇರಿ 2,320. ಕೆಲ್ಸ ಬಿಟ್ರೆ ಇದು ಪೂರ್ತಿ ಕೈಗೆ ಬರುತ್ತೆ ಅಂತ ನಿಮ್ಮ ಫ್ರೆಂಡ್ ಅನ್ಕೊಂಡಿದಾರೆ. ಬರಲ್ಲ. ಬೆನಿಫಿಟ್ ಕ್ಯಾಪ್ ಅಂತ ಇನ್ನೊಂದು ಮಿತಿ ಇದೆ, ಲಂಡನ್ ಹೊರಗೆ ಮಕ್ಕಳಿರೋ ಕುಟುಂಬಕ್ಕೆ ವರ್ಷಕ್ಕೆ 22,020, ತಿಂಗಳಿಗೆ 1,835. ಮೇಲಿನ 485 ಪೌಂಡ್ ಕತ್ತರಿಸ್ತಾರೆ. 1,835ರಲ್ಲಿ 1,350 ಬಾಡಿಗೆ ಕಟ್ಟಿದ್ರೆ ಉಳಿಯೋದು 485, ಅದರಲ್ಲಿ ಮೂರು ಜನ ಒಂದು ತಿಂಗಳು ತಿನ್ನಬೇಕು, ಕರೆಂಟು, ಗ್ಯಾಸು, ಬಸ್ಸು, ಸ್ಕೂಲ್ ಶೂ ಎಲ್ಲಾ.

ಕೆಲಸದಲ್ಲಿ ಇದ್ರೆ? ವಾರಕ್ಕೆ 18 ಗಂಟೆ, ಗಂಟೆಗೆ 12.21, ತಿಂಗಳಿಗೆ ಸುಮಾರು 952 ಬರುತ್ತೆ. ಮೊದಲ 411 ಪೌಂಡನ್ನ ಮುಟ್ಟಲ್ಲ, ಉಳಿದಿದ್ದರಲ್ಲಿ ಪೌಂಡಿಗೆ 55 ಪೆನ್ಸ್ ಕಟ್ ಮಾಡ್ತಾರೆ, ಅಂದ್ರೆ 298 ಹೋಗಿ ಯೂನಿವರ್ಸಲ್ ಕ್ರೆಡಿಟ್ 1,834 ಆಗುತ್ತೆ. ಸಂಬಳ, ಚೈಲ್ಡ್ ಬೆನಿಫಿಟ್ ಸೇರಿಸಿದ್ರೆ 2,974. ಬಾಡಿಗೆ ಕಳೆದು 1,624 ಉಳಿಯುತ್ತೆ. 485 ಎಲ್ಲಿ, 1,624 ಎಲ್ಲಿ. ತಿಂಗಳಿಗೆ 846ಕ್ಕಿಂತ ಜಾಸ್ತಿ ದುಡಿಯೋರಿಗೆ ಬೆನಿಫಿಟ್ ಕ್ಯಾಪೇ ಇಲ್ಲ, ನಿಮ್ಮ 18 ಗಂಟೆ ಕೆಲ್ಸ ನಿಮ್ಮನ್ನ ಕಾಪಾಡ್ತಿರೋದು ಹೀಗೆ. ಶಿಫ್ಟ್ ಕಮ್ಮಿ ಮಾಡ್ತೀವಿ ಅಂತ ಮ್ಯಾನೇಜರ್ ಕೇಳಿದ್ರೂ 16 ಗಂಟೆಗಿಂತ ಕೆಳಗೆ ಇಳೀಬೇಡಿ. ವರ್ಷ ಪೂರ್ತಿ ದುಡಿದವರಿಗೆ ಕೆಲ್ಸ ಹೋದ ಮೇಲೆ 9 ತಿಂಗಳು ಕ್ಯಾಪ್ ಹಾಕಲ್ಲ ಅನ್ನೋ ರಿಯಾಯಿತಿ ಇರೋದು ನಿಜ, ಆದ್ರೆ ತಾವಾಗೇ ಕೆಲ್ಸ ಬಿಟ್ಟವರಿಗೆ 91 ದಿನ ಸ್ಯಾಂಕ್ಷನ್, ಅಂದ್ರೆ ದುಡ್ಡು ಕಡಿತ, ಹಾಕಬಹುದು, ಅದನ್ನ ಯಾರೂ ಹೇಳಲ್ಲ.

ಇನ್ನು ನಿಮಗೆ ಒಂದು ಒಳ್ಳೇ ಸುದ್ದಿ, ನಿಮ್ಮ ಪ್ರಶ್ನೆಯಲ್ಲೇ ಇದೆ, ನೀವು ಗಮನಿಸಿಲ್ಲ ಅಷ್ಟೇ. ಮಗನಿಗೆ ಆಗಸ್ಟಲ್ಲಿ 10 ತುಂಬುತ್ತೆ ಅಂದ್ರಲ್ಲ. ಎಷ್ಟು ಬೆಡ್‌ರೂಮಿಗೆ ದುಡ್ಡು ಕೊಡ್ಬೇಕು ಅನ್ನೋದನ್ನ ನೀವಿರೋ ಮನೆ ನೋಡಿ ತೀರ್ಮಾನ ಮಾಡಲ್ಲ, ಮನೇಲಿ ಯಾರ್ಯಾರು ಇದ್ದಾರೆ ಅನ್ನೋದನ್ನ ನೋಡ್ತಾರೆ. 10 ವರ್ಷದೊಳಗಿನ ಹುಡುಗ ಹುಡುಗಿ ಒಂದೇ ರೂಮಲ್ಲಿ ಇರಬಹುದು ಅಂತ ಲೆಕ್ಕ. ಒಬ್ಬರಿಗೆ 10 ತುಂಬಿದ ತಕ್ಷಣ ಅಣ್ಣ ತಂಗಿಗೆ ಬೇರೆ ಬೇರೆ ರೂಮು. ಅಲ್ಲಿಗೆ ನಿಮಗೆ ಮೂರು ಬೆಡ್‌ರೂಮಿನ ರೇಟು ಅನ್ವಯ ಆಗುತ್ತೆ, ನೀವು ಎರಡು ಬೆಡ್‌ರೂಮಿನ ಮನೇಲೇ ಇದ್ರೂ ಸಹ. ಆದ್ರೆ ನಿಮ್ಮ ನಿಜವಾದ ಬಾಡಿಗೆಗಿಂತ ಜಾಸ್ತಿ ಕೊಡಲ್ಲ. ಅಂದ್ರೆ ನಿಮ್ಮೂರಿನ ಮೂರು ಬೆಡ್‌ರೂಮಿನ ರೇಟು 1,350 ಅಥವಾ ಅದಕ್ಕಿಂತ ಮೇಲಿದ್ರೆ, ಮನೆ ಬದಲಾಯಿಸದೇ ನಿಮ್ಮ ಕೊರತೆ ಸೊನ್ನೆ ಆಗುತ್ತೆ. ರೇಟನ್ನ ಸರ್ಕಾರದ ಸೈಟಲ್ಲಿ ಪೋಸ್ಟ್‌ಕೋಡ್ ಹಾಕಿ ನೋಡ್ಬಹುದು, ವಾರದ ಲೆಕ್ಕದಲ್ಲಿ ತೋರಿಸುತ್ತೆ, ಅದನ್ನ 4ರಿಂದ ಗುಣಿಸಬೇಡಿ, 52ರಿಂದ ಗುಣಿಸಿ 12ರಿಂದ ಭಾಗಿಸಿ. ಹುಟ್ಟಿದಹಬ್ಬ ಆದ ತಿಂಗಳ ಸ್ಟೇಟ್‌ಮೆಂಟ್ ಬಂದ ಕೂಡ್ಲೇ ಹೌಸಿಂಗ್ ಅನ್ನೋ ಸಾಲು ನೋಡಿ, ಬದಲಾಗಿಲ್ಲಾಂದ್ರೆ ನಿಮ್ಮ ಆನ್‌ಲೈನ್ ಯೂನಿವರ್ಸಲ್ ಕ್ರೆಡಿಟ್ ಖಾತೆಯ ಜರ್ನಲಲ್ಲಿ (ಮೆಸೇಜ್ ಬರೆಯೋ ಜಾಗ) ಬರೀರಿ.

ಈ ಸಾಲಿನ ವಿಷಯದಲ್ಲಿ ಒಬ್ಬ ತಾಯಿ ನೆನಪಾಗ್ತಾರೆ. ಅವರ ಅಡುಗೆಮನೆ ಟೇಬಲ್ ಮೇಲೆ ಸ್ಟೇಟ್‌ಮೆಂಟ್‌ಗಳನ್ನ ಒಂದರ ಪಕ್ಕ ಒಂದು ಹರಡ್ಕೊಂಡು ಕೂತಿದ್ವಿ, ಮಗಳಿಗೆ 10 ತುಂಬಿ ಏಳು ತಿಂಗಳಾಗಿತ್ತು, ಏಳೂ ಹಾಳೆಯಲ್ಲಿ ಅದೇ ಹಳೇ ಎರಡು ಬೆಡ್‌ರೂಮಿನ ರೇಟು. ಅಷ್ಟು ದಿನ ಅವರು ರಾತ್ರಿ ಊಟ ಬಿಟ್ಟು ಬಾಡಿಗೆ ತುಂಬಿಸ್ತಿದ್ರು. ಕೇಳಿದ ಮೇಲೆ ಸರಿ ಮಾಡಿದ್ರು, ಆದ್ರೆ ಕೇಳೋ ತನಕ ಯಾರಿಗೂ ಕಂಡಿರ್ಲಿಲ್ಲ.

ಈಗ ಲ್ಯಾಂಡ್‌ಲಾರ್ಡ್ ವಿಷಯ. ವಾಟ್ಸಾಪ್ ಮೆಸೇಜ್ ಬಾಡಿಗೆ ಏರಿಸೋ ನೋಟಿಸ್ ಅಲ್ಲ. ಫಿಕ್ಸೆಡ್ ಅವಧಿ ಮುಗಿದು ತಿಂಗಳ ತಿಂಗಳ ನಡೀತಿರೋ ಅಗ್ರಿಮೆಂಟ್ ಆದ್ರೆ ಸೆಕ್ಷನ್ 13 ಅನ್ನೋ ಫಾರ್ಮಲ್ಲೇ ಕೊಡ್ಬೇಕು, 2026ರ ಏಪ್ರಿಲ್ ಕೊನೆವರೆಗಿನ ಕಾನೂನಲ್ಲಿ ಕಮ್ಮಿ ಅಂದ್ರೂ ಒಂದು ತಿಂಗಳ ಮುಂಚೆ. (ನಿಮ್ಮ ಅಗ್ರಿಮೆಂಟಲ್ಲೇ ಬಾಡಿಗೆ ಏರಿಸೋ ಷರತ್ತು ಬರ್ದಿದ್ರೆ ಬೇರೆ ಮಾತು, ಅದನ್ನ ತೆಗೆದು ಓದಿ.) ಆದ್ರೆ ನೀವು ಹೆದರಿ 1,500 ಕಟ್ಟಿಬಿಟ್ರೆ ಒಪ್ಪಿದೀರಿ ಅಂತ ಆಗುತ್ತೆ, ಅದಕ್ಕೇ ಮೊದಲೇ ಬೇಡ ಅಂದಿದ್ದು. ಹೊಸ ಅಗ್ರಿಮೆಂಟಿಗೆ ಸೈನ್ ಹಾಕಿದ್ರೂ ಅದೇ ಕತೆ.

ಇಲ್ಲಿ ಒಂದು ಅಪಾಯ ಇದೆ, ಮುಚ್ಚಿಡಲ್ಲ. 2026ರ ಏಪ್ರಿಲ್ ಕೊನೆವರೆಗಿನ ಕಾನೂನಲ್ಲಿ ಲ್ಯಾಂಡ್‌ಲಾರ್ಡ್ ಯಾವ ಕಾರಣನೂ ಹೇಳದೇ ಎರಡು ತಿಂಗಳ ಸೆಕ್ಷನ್ 21 ನೋಟಿಸ್ ಕೊಡ್ಬಹುದು. 2025ರ ಅಕ್ಟೋಬರಲ್ಲಿ ಪಾಸಾದ ರೆಂಟರ್ಸ್ ರೈಟ್ಸ್ ಕಾನೂನು 2026ರ ಮೇ 1ರಿಂದ ಜಾರಿಗೆ ಬಂದ್ಮೇಲೆ ಆ ದಾರಿ ಮುಚ್ಚುತ್ತೆ. ಆಮೇಲೆ ಕಾರಣ ತೋರಿಸಲೇಬೇಕು, ಬಾಡಿಗೆ ವರ್ಷಕ್ಕೆ ಒಂದೇ ಸಲ, ಎರಡು ತಿಂಗಳ ನೋಟಿಸ್ ಕೊಟ್ಟು ಏರಿಸಬೇಕು, ಜಾಸ್ತಿ ಅನ್ಸಿದ್ರೆ ನೀವು ಟ್ರಿಬ್ಯೂನಲ್‌ಗೆ ಹೋಗ್ಬಹುದು, ಅವರು ಲ್ಯಾಂಡ್‌ಲಾರ್ಡ್ ಕೇಳಿದ್ದಕ್ಕಿಂತ ಜಾಸ್ತಿ ಹಾಕೋ ಹಾಗಿಲ್ಲ. ಹಾಗಾಗಿ ಏಪ್ರಿಲ್ ಕೊನೆವರೆಗೂ ಜಗಳ ಬೇಡ. ಸಮಾಧಾನವಾಗಿ ಬರಹದಲ್ಲಿ ಉತ್ತರ ಕೊಡಿ, ಬಾಡಿಗೆ ಯಾವತ್ತೂ ತಪ್ಪಿಸಿಲ್ಲ, ನನ್ನ ಪರಿಸ್ಥಿತಿ ಹೀಗಿದೆ, ಆಗಸ್ಟಿಗೆ ನನ್ನ ಬೆನಿಫಿಟ್ ಬದಲಾಗಬಹುದು, ಅಲ್ಲಿವರೆಗೂ ಕಾಯ್ತೀರಾ ಅಂತ. ಬಾಡಿಗೆ ಸರಿಯಾಗಿ ಬರೋ ಮನೆಯವರನ್ನ ಕಳ್ಕೊಂಡು ಒಂದೆರಡು ತಿಂಗಳು ಮನೆ ಖಾಲಿ ಬಿಡೋದು ಅವರಿಗೂ ನಷ್ಟ, ಎಷ್ಟೋ ಜನ 1,400ಕ್ಕೆ ಒಪ್ಪಿದ್ದು ನೋಡಿದೀನಿ.

ಒಂದು ವೇಳೆ ಸೆಕ್ಷನ್ 21 ಬಂದೇಬಿಟ್ರೂ ಅವತ್ತೇ ಪೆಟ್ಟಿಗೆ ಕಟ್ಟಬೇಡಿ. ಡೆಪಾಸಿಟ್ ದುಡ್ಡನ್ನ 30 ದಿನದೊಳಗೆ ಸರ್ಕಾರ ಒಪ್ಪಿದ ಡೆಪಾಸಿಟ್ ಸ್ಕೀಮಲ್ಲಿ ಇಟ್ಟಿದ್ರಾ, ಗ್ಯಾಸ್ ಸರ್ಟಿಫಿಕೇಟ್ ಕೊಟ್ಟಿದ್ರಾ ಅಂತ ನೋಡ್ಬೇಕು, ಇಂಥದ್ರಲ್ಲಿ ಕೊರತೆ ಇದ್ರೆ ನೋಟಿಸೇ ನಿಲ್ಲದೇ ಹೋಗ್ಬಹುದು. ನೋಟಿಸ್ ಅವಧಿ ಮುಗಿದ್ರೂ ಕೋರ್ಟ್ ಆರ್ಡರ್ ಇಲ್ಲದೇ ಬೀಗ ಬದಲಾಯಿಸೋದು 1977ರ ಕಾನೂನಿನ ಪ್ರಕಾರ ಅಪರಾಧ. ಕೋರ್ಟ್‌ವರೆಗೂ ಹೋದ್ರೆ ಅದರ ಖರ್ಚು ಸ್ವಲ್ಪ ನಿಮ್ಮ ತಲೆ ಮೇಲೆ ಬರಬಹುದು, ಅದೂ ಗೊತ್ತಿರಲಿ.

"ಹೊರಗೆ ಹಾಕ್ಲಿ, ಕೌನ್ಸಿಲ್ ಮನೆ ಕೊಡುತ್ತೆ" ಅನ್ನೋ ಮಾತಲ್ಲಿ ಅರ್ಧ ಸತ್ಯ ಇದೆ. ಮಕ್ಕಳಿರೋ ಕುಟುಂಬ ಬೀದಿಗೆ ಬಂದ್ರೆ ಕೌನ್ಸಿಲ್ ಸುಮ್ನೆ ಕೈ ಎತ್ತೋ ಹಾಗಿಲ್ಲ. ಆದ್ರೆ ಕೊಡೋದು ಹೆಚ್ಚಾಗಿ ಟೆಂಪರರಿ ಜಾಗ, ಒಂದೇ ರೂಮಿನ ಬಿ ಅಂಡ್ ಬಿ (ಚಿಕ್ಕ ಲಾಡ್ಜ್) ಆಗಬಹುದು, ಮಕ್ಕಳಿರೋರನ್ನ ಅಲ್ಲಿ 6 ವಾರಕ್ಕಿಂತ ಜಾಸ್ತಿ ಇಡಬಾರದು ಅಂತ ರೂಲ್ ಇದ್ರೂ ಮೀರ್ತಾರೆ, ಬೇರೆ ಊರಲ್ಲೂ ಕೊಡಬಹುದು, ಆಗ ಮಕ್ಕಳ ಸ್ಕೂಲು, ನಿಮ್ಮ ಕೆಲ್ಸ ಎರಡೂ ಅಲ್ಲಾಡುತ್ತೆ. ಇಂಗ್ಲೆಂಡಲ್ಲಿ ಈಗ 1,30,000ಕ್ಕೂ ಹೆಚ್ಚು ಕುಟುಂಬಗಳು ಟೆಂಪರರಿ ಜಾಗದಲ್ಲೇ ಇವೆ. ಇಷ್ಟೆಲ್ಲಾ ಪಟ್ಟ ಮೇಲೂ ಕೌನ್ಸಿಲ್ ನಿಮಗೆ 12 ತಿಂಗಳ ಪ್ರೈವೇಟ್ ಬಾಡಿಗೆ ಮನೆ ತೋರಿಸಿ ನಮ್ಮ ಜವಾಬ್ದಾರಿ ಮುಗೀತು ಅನ್ನಬಹುದು, 2011ರ ಲೋಕಲಿಸಂ ಕಾನೂನು ಅದಕ್ಕೆ ಅವಕಾಶ ಕೊಟ್ಟಿದೆ. ಅಲ್ಲಿಗೆ ನೀವು ಹೊರಟ ಜಾಗಕ್ಕೇ ವಾಪಸ್. ಮತ್ತೆ ಬೇಕಂತಲೇ ಬಾಡಿಗೆ ನಿಲ್ಲಿಸಿದ್ರೆ ಬೇಕಂತಲೇ ಮನೆ ಕಳ್ಕೊಂಡವರು ಅಂತ ಬರ್ಕೊಂಡು ಮುಖ್ಯ ಸಹಾಯನೇ ನಿರಾಕರಿಸಬಹುದು, ಬಾಡಿಗೆ ಬಾಕಿ ಇರೋರನ್ನ ತುಂಬಾ ಕೌನ್ಸಿಲ್‌ಗಳು ವೇಟಿಂಗ್ ಲಿಸ್ಟಿಗೇ ಸೇರಿಸಲ್ಲ.

ಆದ್ರೆ ಬೇಕಂತ ನಿಲ್ಲಿಸೋದು ಬೇರೆ, ನಿಜವಾಗ್ಲೂ ಕೈಲಾಗದೇ ಹೋಗೋದು ಬೇರೆ. ಇದಕ್ಕೆ ಸುಪ್ರೀಂ ಕೋರ್ಟಿನ 2019ರ ತೀರ್ಪು ಇದೆ, ಸ್ಯಾಮ್ಯುಯಲ್ಸ್ ವಿರುದ್ಧ ಬರ್ಮಿಂಗ್‌ಹ್ಯಾಮ್ ಸಿಟಿ ಕೌನ್ಸಿಲ್. ನಾಲ್ಕು ಮಕ್ಕಳ ತಾಯಿ, ಬಾಡಿಗೆ 700, ಹೌಸಿಂಗ್ ಬೆನಿಫಿಟ್ 548.51, ತಿಂಗಳಿಗೆ 151.49 ಕೊರತೆ. ಮಕ್ಕಳಿಗೆ, ಊಟಕ್ಕೆ ಬರೋ ದುಡ್ಡಲ್ಲಿ ಹೊಂದಿಸ್ಕೋಬಹುದಿತ್ತು ಅಂತ ಕೌನ್ಸಿಲ್ ವಾದ. ಕೋರ್ಟ್ ಒಪ್ಪಲಿಲ್ಲ. ಆ ಕುಟುಂಬಕ್ಕೆ, ಅದರಲ್ಲೂ ಮಕ್ಕಳಿಗೆ, ನಿಜವಾಗಿ ಎಷ್ಟು ಖರ್ಚು ಬೇಕು ಅನ್ನೋದನ್ನ ನ್ಯಾಯವಾಗಿ ನೋಡ್ಬೇಕು, ಬದುಕೋಕೆ ಅಂತ ಇರೋ ಕನಿಷ್ಠ ಬೆನಿಫಿಟಲ್ಲಿ ಬಾಡಿಗೆಗೆ ಅಂತ ಮಿಗಿಸೋಕೆ ಜಾಗ ಇರುತ್ತೆ ಅಂತ ಅನ್ಕೊಳ್ಳೋಕಾಗಲ್ಲ ಅಂತ ಹೇಳ್ತು. ಹೌಸಿಂಗ್ ಆಫೀಸರ್ ನಿಮಗೆ "ಊಟದ ಖರ್ಚು ಕಮ್ಮಿ ಮಾಡ್ಕೊಳ್ಳಿ" ಅಂದ್ರೆ ಈ ಕೇಸಿನ ಹೆಸರು ಹೇಳಿ. ಅದಕ್ಕೆ ಮನೆ ಖರ್ಚಿನ ಲೆಕ್ಕ ಬರೆದಿಟ್ಟಿರಬೇಕು, ಇವತ್ತಿಂದಲೇ ಶುರು ಮಾಡಿ.

ನಿಮ್ಮ ಜಾಗದಲ್ಲಿ ನಾನಿದ್ದಿದ್ರೆ ಹೀಗೆ ಮಾಡ್ತಿದ್ದೆ. ಇದೇ ವಾರ ಕೌನ್ಸಿಲ್‌ಗೆ ಹೋಗಿ ಆಗಸ್ಟ್‌ವರೆಗಿನ 250 ಪೌಂಡ್ ಕೊರತೆಗೆ ಡಿಸ್ಕ್ರೀಷನರಿ ಹೌಸಿಂಗ್ ಪೇಮೆಂಟ್ ಕೇಳ್ತಿದ್ದೆ, 2026ರ ಏಪ್ರಿಲಿಂದ ಇಂಗ್ಲೆಂಡಲ್ಲಿ ಅದು ಕ್ರೈಸಿಸ್ ಅಂಡ್ ರೆಸಿಲಿಯನ್ಸ್ ಫಂಡ್ ಒಳಗೆ ಸೇರುತ್ತೆ, ಹಾಗಾಗಿ ತಡ ಬೇಡ. ಅದು ಹಕ್ಕಲ್ಲ, ಫಂಡ್ ಇದ್ರೆ ಕೊಡ್ತಾರೆ, ಆದ್ರೆ ಇಂಥ ತಾರೀಕಿಗೆ ನನ್ನ ಕೊರತೆ ಮುಗಿಯುತ್ತೆ ಅಂತ ತೋರಿಸಿದವರಿಗೆ ಸಿಗೋ ಸಾಧ್ಯತೆ ಜಾಸ್ತಿ, ನನ್ನ ಅನುಭವದಲ್ಲಿ. ಅವತ್ತೇ ಹೌಸಿಂಗ್ ರಿಜಿಸ್ಟರಿಗೂ (ಕೌನ್ಸಿಲ್ ಮನೆ ವೇಟಿಂಗ್ ಲಿಸ್ಟು) ಹೆಸರು ಹಾಕಿ. ಯಾರಿಗೆ ಎಷ್ಟು ಅಗತ್ಯ ಅಂತ ನೋಡಿ ಬೇರೆ ಬೇರೆ ಬ್ಯಾಂಡ್ ಇರುತ್ತೆ, ಮಗನಿಗೆ 10 ತುಂಬಿದ ಮೇಲೆ ಒಂದು ರೂಮು ಕಮ್ಮಿ ಅಂತ ಲೆಕ್ಕ ಆಗಿ ಬ್ಯಾಂಡ್ ಬದಲಾಗಬಹುದು, ಆಗ ಮತ್ತೆ ತಿಳಿಸಬೇಕು. ವರ್ಷಗಟ್ಟಲೆ ಆಗಬಹುದು, ಅದಕ್ಕೇ ಇವತ್ತಿನ ತಾರೀಕು ಮುಖ್ಯ. ಮತ್ತೆ ಮಕ್ಕಳ ಅಪ್ಪನಿಂದ ಮೇಂಟೆನೆನ್ಸ್ ಬರ್ತಿದೆಯಾ ಅಂತ ನೀವು ಬರ್ದಿಲ್ಲ. ಬರದೇ ಇದ್ರೆ ಚೈಲ್ಡ್ ಮೇಂಟೆನೆನ್ಸ್ ಸರ್ವಿಸಿಗೆ ಅರ್ಜಿ ಹಾಕಿ, ಆ ದುಡ್ಡಿಗೆ ಯೂನಿವರ್ಸಲ್ ಕ್ರೆಡಿಟಲ್ಲಿ ಒಂದು ಪೆನ್ನಿನೂ ಕಟ್ ಆಗಲ್ಲ. ಇದನ್ನ ಕೇಳೋಕೆ ನಮ್ಮ ಹೆಣ್ಮಕ್ಕಳು ತುಂಬಾ ಸಂಕೋಚ ಪಡ್ತಾರೆ, ಅದು ನಿಮ್ಮ ಮಕ್ಕಳ ದುಡ್ಡು.

ಮನೆ ಸಿಕ್ಕಾಗ ಎರಡು ವಿಷಯ. ಸೋಶಿಯಲ್ ರೆಂಟಾ, ಅಫೋರ್ಡೆಬಲ್ ರೆಂಟಾ ಕೇಳಿ. ಹೆಸರು ಅಫೋರ್ಡೆಬಲ್ ಇದ್ರೂ ಅದು ಮಾರ್ಕೆಟ್ ಬಾಡಿಗೆಯ 80 ಪರ್ಸೆಂಟ್‌ವರೆಗೂ ಇರಬಹುದು. ಮತ್ತೆ ತುಂಬಾ ಮನೆಗಳನ್ನ ಬರೀ ಗೋಡೆ ಕೊಟ್ಟ ಹಾಗೆ ಕೊಡ್ತಾರೆ. ಒಬ್ಬರ ಜೊತೆ ಮನೆ ನೋಡೋಕೆ ಹೋಗಿದ್ದೆ, ನೆಲ ಪೂರ್ತಿ ಸಿಮೆಂಟು, ಹಳೇ ಕಾರ್ಪೆಟ್ ಕಿತ್ತ ಅಂಚಲ್ಲಿ ಮೊಳೆ ಹಾಗೇ ಎದ್ದಿತ್ತು, ಅಡುಗೆಮನೇಲಿ ಒಲೆ ಇರೋ ಜಾಗ ಖಾಲಿ, ಅವರ ಮಗು ಶೂ ಬಿಚ್ಚಿ ಒಳಗೆ ಬಂದಿತ್ತು, ಎತ್ಕೊಂಡೇ ಮನೆ ತೋರಿಸ್ಬೇಕಾಯ್ತು. ಆದ್ರೂ ಅವರು ಅವತ್ತೇ ಸೈನ್ ಹಾಕಿದ್ರು, ಸರಿಯಾಗೇ ಮಾಡಿದ್ರು. ಈಗಿಂದಲೇ ಒಲೆಗೆ, ನೆಲಕ್ಕೆ ಸ್ವಲ್ಪ ಎತ್ತಿಡಿ.

ಇದನ್ನ ಓದ್ತಿರೋ ಬೇರೆಯವರಿಗೆ ಒಂದು ಮಾತು. ಈ ತಾಯಿ ಬ್ರಿಟಿಷ್ ಸಿಟಿಜನ್. ಸ್ಕಿಲ್ಡ್ ವರ್ಕರ್ ವೀಸಾ, ಡಿಪೆಂಡೆಂಟ್ ವೀಸಾದಲ್ಲಿ ಇರೋ ನಮ್ಮ ಜನಕ್ಕೆ ಸಾಮಾನ್ಯವಾಗಿ ಪಬ್ಲಿಕ್ ಫಂಡ್ಸ್ ಇಲ್ಲ ಅನ್ನೋ ಷರತ್ತು ಇರುತ್ತೆ, ಯೂನಿವರ್ಸಲ್ ಕ್ರೆಡಿಟ್ಟೂ ಕೌನ್ಸಿಲ್ ಮನೆನೂ ಅದರೊಳಗೇ ಬರುತ್ತೆ, ಈ ಉತ್ತರ ಓದಿ ನೀವೂ ಅರ್ಜಿ ಹಾಕಿದ್ರೆ ವೀಸಾಗೇ ಕುತ್ತು. ಮನೇಲಿ ಹಿಂಸೆ ಇದ್ದು ಹೊರಗೆ ಬರ್ಬೇಕಾದ ಹೆಣ್ಮಕ್ಕಳಿಗೆ ಬೇರೆ ದಾರಿ ಇದೆ, ಅದಕ್ಕೆ ಮೊದ್ಲು ಇಮಿಗ್ರೇಷನ್ ವಕೀಲರನ್ನ ನೋಡಿ, ಆಮೇಲೆ ಫಾರ್ಮ್.

ಕೊನೆಗೆ ಅಮ್ಮನ ವಿಷಯ. ಕೌನ್ಸಿಲ್ ಮನೆಗೂ ಬಾಡಿಗೆ ಕಟ್ಟಬೇಕು, ಅಗ್ರಿಮೆಂಟ್ ಇರುತ್ತೆ, ನರ್ಸು, ಬಸ್ ಡ್ರೈವರು, ನಿಮ್ಮ ಹಾಗೆ ಕೇರ್ ಹೋಮಲ್ಲಿ ದುಡಿಯೋರು ಎಲ್ಲಾ ಇರ್ತಾರೆ ಅಂತ ಹೇಳಿ. ಲ್ಯಾಂಡ್‌ಲಾರ್ಡ್ ವಾಟ್ಸಾಪ್ ಮಾಡಿ ಮುಂದಿನ ತಿಂಗಳಿಂದ ಖಾಲಿ ಮಾಡು ಅನ್ನೋ ಹಾಗಿಲ್ಲ ಅಂತಾನೂ ಹೇಳಿ, ಅದು ಅವರಿಗೆ ಬೇಗ ಅರ್ಥ ಆಗುತ್ತೆ. ಕೌನ್ಸಿಲ್‌ಗೆ ಹೋಗುವಾಗ ಅಗ್ರಿಮೆಂಟು, ಮೂರು ತಿಂಗಳ ಯೂನಿವರ್ಸಲ್ ಕ್ರೆಡಿಟ್ ಸ್ಟೇಟ್‌ಮೆಂಟು, ಪೇ ಸ್ಲಿಪ್ಪು, ಮಕ್ಕಳ ಬರ್ತ್ ಸರ್ಟಿಫಿಕೇಟು, ಆ ವಾಟ್ಸಾಪ್ ಮೆಸೇಜಿನ ಪ್ರಿಂಟು ತಗೊಂಡು ಹೋಗಿ. ನೋಟಿಸ್ ಏನಾದ್ರೂ ಬಂದ್ರೆ ಅವತ್ತೇ ಸಿಟಿಜನ್ಸ್ ಅಡ್ವೈಸ್ ಅಥವಾ ಶೆಲ್ಟರ್ ಅನ್ನೋ ಸಲಹೆ ಕೊಡೋ ಸಂಸ್ಥೆಗೆ ಫೋನ್ ಮಾಡಿ, ಕವರಿನ ಮೇಲಿನ ತಾರೀಕು ಸಮೇತ ಫೋಟೋ ತೆಗೆದಿಟ್ಕೊಳ್ಳಿ, ಕವರ್ ಎಸೀಬೇಡಿ.